ಮಗಳ ಸರ್ಪಸುತ್ತು, ಅವ್ವನ ನೆನಪು

ಸರ್ಪಸುತ್ತು ಮುದುಕರಿಗೆ ಬರುವ ಕಾಯಿಲೆ ಅಂತಲೇ ನಮ್ಮ ಕಡೆ ಎಲ್ಲರೂ ಅಂದುಕೊಂಡಿದ್ದಾರೆ. ನಾನೂ ಹಾಗೆ ನೋಡುತ್ತಲೇ ಬೆಳೆದವನು. ಅಜ್ಜನಿಗೆ ಸೊಂಟದ ಮೇಲೆ ಆಗಿತ್ತು. ಗುಳ್ಳೆ ಒಣಗಿ ಎಷ್ಟೋ ತಿಂಗಳಾದ ಮೇಲೂ ಧೋತರದ ಅಂಚು ತಾಗಿದರೆ ಹಲ್ಲು ಕಚ್ಚಿ ಕೂರುತ್ತಿದ್ದರು. ಹಾಗಾಗಿ ಏಳು ವರ್ಷದ ಮಗಳ ಬೆನ್ನಿನ ಮೇಲೆ ಗುಳ್ಳೆಗಳ ಸಾಲು ಕಂಡಾಗ ಮನೆಯಲ್ಲಿ ಯಾರ ಬಾಯಲ್ಲೂ ಆ ಹೆಸರು ಬರಲಿಲ್ಲ.

ಶ್ರಾವಣ ಹತ್ತಿರ ಬಂದಿತ್ತು. ಬಾಗಲಕೋಟೆಯಲ್ಲಿ ಜಿಟಿಜಿಟಿ ಮಳೆ. ನವನಗರದ ನಮ್ಮ ಕಡೆ ಆ ದಿನಗಳಲ್ಲಿ ಸಂಜೆ ಲೈಟ್ ಹಾಕಿದರೆ ಸಾಕು, ಹುಳಗಳು ಮುತ್ತಿಕೊಳ್ಳುತ್ತವೆ. ಅವುಗಳಲ್ಲಿ ಒಂದು ಸಣ್ಣ ಹುಳ ಮೈಮೇಲೆ ಅರೆದುಹೋದರೆ ಚರ್ಮ ಸುಟ್ಟ ಹಾಗೆ ಗೆರೆ ಬೀಳುತ್ತದೆ. ಮಗಳದ್ದೂ ಅದೇ ಇರಬೇಕು ಅಂತ ಓಣಿಯಲ್ಲಿ ನೋಡಿದವರೆಲ್ಲ ಹೇಳಿದರು. ಆದರೆ ನನ್ನ ಹೆಂಡತಿಗೆ ಒಂದು ಮಾತು ಕೊರೆಯುತ್ತಿತ್ತು. ಗುಳ್ಳೆ ಏಳುವ ಒಂದೆರಡು ದಿನ ಮೊದಲಿಂದಲೇ ಮಗಳು "ಇಲ್ಲಿ ಉರೀತೇತಿ" ಅಂತ ಬಲಗಡೆ ಪಕ್ಕೆ ಹಿಡಿದುಕೊಳ್ಳುತ್ತಿದ್ದಳು. ಅಲ್ಲಿ ಆಗ ಏನೂ ಇರಲಿಲ್ಲ, ಚರ್ಮ ನುಣ್ಣಗಿತ್ತು. ಹುಳ ಮುಟ್ಟಿದ್ದಾದರೆ ಮೊದಲು ಗೆರೆ ಕಾಣಬೇಕು, ಅಲ್ವಾ? ಇಲ್ಲಿ ನೋವು ಮೊದಲು ಬಂತು, ಗುಳ್ಳೆ ಆಮೇಲೆ. ಹೆಂಡತಿ ಹಟ ಹಿಡಿದು ಮರುದಿನವೇ ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗೋಣ ಅಂದಳು.

ಹೊರಡುವ ಮೊದಲು ಪಕ್ಕದ ಮನೆಯ ಕಾಕು ಬಂದು ಮಗಳ ಅಂಗಿ ಎತ್ತಿ ನೋಡಿದರು. ವಯಸ್ಸಾದವರು, ಕಂಡವರು. ನೋಡಿದ ಕೂಡಲೇ ಗುರುತು ಹಿಡಿದರು.

"ಇದು ಸರ್ಪ ಐತ್ರಿ. ತಲಿ-ಬಾಲ ಕೂಡೂದ್ರಾಗ ತೋರ್ಸ್ರಿ."

ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಇಕಿ ಹೊಟ್ಯಾಗ ಇದ್ದಾಗ ಹಾವಿಗೆ ಏನಾರ ಮಾಡಿದ್ರೇನ್ಬೇ?"

ಕಾಕು ಕೆಟ್ಟವರಲ್ಲ. ಮಗಳಿಗೆ ಜ್ವರ ಬಂದ ರಾತ್ರಿಗಳಲ್ಲಿ ನಮ್ಮ ಜೊತೆ ಎಚ್ಚರ ಇದ್ದವರು. ಆದರೆ ಆ ಪ್ರಶ್ನೆ ನನ್ನ ಹೆಂಡತಿಯ ಎದೆಯಲ್ಲಿ ಎಲ್ಲಿ ಹೋಗಿ ನಾಟಿತು ಅನ್ನೋದು ನನಗೆ ಅಂದು ರಾತ್ರಿ ಗೊತ್ತಾಯಿತು. ಅವಳು ಬಸುರಿ ಇದ್ದಾಗ ನಮ್ಮ ಮನೆಯ ಪಾಯ ತೋಡುತ್ತಿದ್ದರು. ಕೆಲಸದವರು ಒಂದು ಹಾವು ಹೊಡೆದಿದ್ದರು. ಅವಳು ದೂರ ನಿಂತು ನೋಡಿದ್ದಳಂತೆ. "ನಾ ಬ್ಯಾಡ ಅನ್ನಬೇಕಿತ್ತು" ಅಂದಳು. ಇಷ್ಟು ವರ್ಷ ಆ ಮಾತನ್ನು ಯಾರಿಗೂ ಹೇಳಿರಲಿಲ್ಲ. ಮಗಳ ಗುಳ್ಳೆಗಿಂತ ನನಗೆ ಜಾಸ್ತಿ ನೋವಾದದ್ದು ಅದನ್ನು ಕೇಳಿ. ಈ ಬರಹ ಬರೆಯಲು ಕೂತಿದ್ದೂ ಅದಕ್ಕೇ. ಮಕ್ಕಳಿಗೆ ಸರ್ಪಸುತ್ತು ಬಂದರೆ ತಾಯಿಯನ್ನು ಕೇಳಬೇಕಾದ ಪ್ರಶ್ನೆ ಒಂದು ಇದೆ. ಅದು ಹಾವಿನ ಪ್ರಶ್ನೆ ಅಲ್ಲ.

ಆ ಪ್ರಶ್ನೆಯನ್ನು ಡಾಕ್ಟರು ಕೇಳಿದರು. ಮಗಳ ಬೆನ್ನು ನೋಡಿದರು, ಮುಂದೆ ಎದೆಯ ಕೆಳಗೆ ನೋಡಿದರು. ಬೆನ್ನುಮೂಳೆಯ ಪಕ್ಕದಿಂದ ಹೊರಟ ಗುಳ್ಳೆಗಳು ಬಲಗಡೆ ಪಕ್ಕೆಯನ್ನು ಬಳಸಿಕೊಂಡು ಮುಂದೆ ಬಂದು, ಎದೆಯ ನಟ್ಟನಡುವೆ ನಿಂತಿದ್ದವು. ಎಡಗಡೆ ಒಂದೂ ಇರಲಿಲ್ಲ.

"ಇಕಿಗೆ ಸಣ್ಣಾಕಿದ್ದಾಗ ಚಿಕನ್‌ಪಾಕ್ಸ್ ಆಗಿತ್ತೇನ್ರಿ? ವರ್ಷದ ಒಳಗ?"

ನಾವು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡೆವು. ತಾಯಿ ಕಾರ್ಡ್ ಜೊತೆಗೇ ತಂದಿದ್ದೆವು. ಅದರಲ್ಲಿ ಬಿಸಿಜಿ ಇತ್ತು, ಪೋಲಿಯೋ ಇತ್ತು, ದಡಾರದ ಚುಚ್ಚುಮದ್ದು ಇತ್ತು, ತೂಕ ಇತ್ತು. ಚಿಕನ್‌ಪಾಕ್ಸ್ ಬಗ್ಗೆ ಏನೂ ಇರಲಿಲ್ಲ. ಬಂದು ಹೋದ ಕಾಯಿಲೆಯನ್ನು ಅದರಲ್ಲಿ ಯಾರೂ ಬರೆದಿರಲಿಲ್ಲ. ನಾನು ಹೊರಗೆ ಬಂದು ಅವ್ವನಿಗೆ ಫೋನ್ ಮಾಡಿದೆ. ಅವ್ವ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಆಗಿತ್ತಲ್ಲೋ! ಜಮಖಂಡ್ಯಾಗ, ಅವರ ತವರಮನ್ಯಾಗ ಇದ್ದಾಗ. ಐದಾರು ತಿಂಗಳ ಕೂಸು. ಕಾರಹುಣ್ಣಿವಿ ಹಿಂದಿನ ವಾರ ದೇವಿ ಬಂದಿದ್ಲು. ನಾ ಹೋಗಿ ದ್ಯಾಮವ್ವಗ ಉಡಿ ತುಂಬಿ ಬಂದಿದ್ದೆ, ಮರತಿ ಏನ್?"

ಆಗ ಹೆಂಡತಿಗೂ ನೆನಪಾಯಿತು. ಅವಳ ಅಣ್ಣನ ಮಕ್ಕಳಿಗೆಲ್ಲ ಒಬ್ಬರಾದ ಮೇಲೆ ಒಬ್ಬರಿಗೆ ಆಗಿತ್ತು. ಕೂಸಿಗೆ ಕೈಯಲ್ಲಿ ಎಣಿಸುವಷ್ಟು ಗುಳ್ಳೆ ಎದ್ದು ಹೋಗಿತ್ತು. ಅದೊಂದು ಕಾಯಿಲೆ ಅಂತಲೂ ಅವರಿಗೆ ಅನಿಸಿರಲಿಲ್ಲ.

ನಾನು ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಚಿಕನ್‌ಪಾಕ್ಸ್ ಆದ ಮನೆಯಲ್ಲಿ ನಮ್ಮ ಹೆಂಗಸರು ಒಗ್ಗರಣೆ ನಿಲ್ಲಿಸುತ್ತಾರೆ. ಬೇವಿನ ತಪ್ಪಲು ಹಾಸಿ ಮಲಗಿಸುತ್ತಾರೆ. ಇಳಿದ ಮೇಲೆ ಬೇವಿನ ನೀರು ಹಾಕಿ, ದೇವಿಗೆ ಮೊಸರನ್ನದ ಎಡೆ, ಹಸಿರು ಬಳೆ, ಉಡಿ. ಇದನ್ನೆಲ್ಲ ಮೂಢನಂಬಿಕೆ ಅಂತ ಒಂದೇ ಮಾತಿನಲ್ಲಿ ತಳ್ಳಿಬಿಡುವವರು ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಕಾರ್ಡಿನಲ್ಲಿ ಇಲ್ಲದ್ದು, ನಮ್ಮಿಬ್ಬರ ತಲೆಯಲ್ಲಿ ಇಲ್ಲದ್ದು ಅವ್ವನ ಹತ್ತಿರ ಉಳಿದಿದ್ದು ಆ ಉಡಿ ತುಂಬಿದ್ದರಿಂದಲೇ. ಯಾವ ಊರು, ಯಾವ ಹಬ್ಬದ ಹಿಂದುಮುಂದು, ಯಾವ ಕೂಸಿಗೆ ಮೊದಲು, ಯಾವ ಕೂಸಿಗೆ ಆಮೇಲೆ, ಎಲ್ಲ ಅವಳ ಹತ್ತಿರ ಇತ್ತು. ಡಾಕ್ಟರಿಗೆ ಬೇಕಾಗಿದ್ದೂ ಅಷ್ಟೇ.

ಯಾಕೆ ಬೇಕಾಗಿತ್ತು ಅಂದರೆ, ಸರ್ಪಸುತ್ತು ಹೊರಗಿಂದ ಹೊಸದಾಗಿ ಬರುವ ಕಾಯಿಲೆ ಅಲ್ಲ. ಅದು ಹಳೆಯ ಚಿಕನ್‌ಪಾಕ್ಸ್. ವೆರಿಸೆಲ್ಲಾ-ಜೋಸ್ಟರ್ ಅನ್ನುವ ವೈರಸ್ಸು ಮೊದಲ ಸಲ ಮೈಗೆ ಬಂದಾಗ ಚಿಕನ್‌ಪಾಕ್ಸ್ ಆಗುತ್ತದೆ. ಗುಳ್ಳೆ ಒಣಗುತ್ತವೆ, ಜ್ವರ ಹೋಗುತ್ತದೆ, ವೈರಸ್ಸು ಮಾತ್ರ ಹೋಗುವುದಿಲ್ಲ. ಬೆನ್ನುಹುರಿಯ ಎರಡೂ ಬದಿಗೆ ನರಗಳ ಸಣ್ಣ ಸಣ್ಣ ಗಂಟುಗಳಿವೆ. ತಲೆಬುರುಡೆಯ ಒಳಗೂ ಮುಖದ ನರಗಳಿಗೆ ಅಂಥ ಗಂಟುಗಳಿವೆ. ಅಲ್ಲಿ ಹೋಗಿ ಸುಮ್ಮನೆ ಕೂತುಬಿಡುತ್ತದೆ. ಎರೆಹೊಲದ ಬಿರುಕಿನಲ್ಲಿ ಬಿದ್ದ ಕಸದ ಬೀಜ ಮಳೆಗೆ ಕಾಯುವ ಹಾಗೆ, ವರ್ಷಗಟ್ಟಲೆ. ಮೈಯ ಕಾವಲು ಸಡಿಲಾದಾಗ ಯಾವುದೋ ಒಂದು ಗಂಟಿನಿಂದ ಎದ್ದು, ಅದೇ ನರದ ಗುಂಟ ಚರ್ಮಕ್ಕೆ ಬರುತ್ತದೆ. ಬರುವ ದಾರಿಯಲ್ಲಿ ನರ ಉರಿಯುತ್ತದೆ. ಗುಳ್ಳೆಗಿಂತ ನೋವು ಮೊದಲು ಬರುವುದು ಅದಕ್ಕೆ.

ಮುದುಕರಲ್ಲಿ ವಯಸ್ಸಿಗೆ ಕಾವಲು ಸಡಿಲಾಗುತ್ತದೆ. ಮಕ್ಕಳಲ್ಲಿ ಕಾರಣ ಬೇರೆ. ವರ್ಷ ತುಂಬದ ಕೂಸಿನ ರೋಗ ನಿರೋಧಕ ಶಕ್ತಿ ಇನ್ನೂ ಎಳಸು. ಮೇಲಾಗಿ ಮೊದಲ ಕೆಲವು ತಿಂಗಳು ತಾಯಿಯಿಂದ ಬಂದ ರಕ್ಷಣೆಯೂ ರಕ್ತದಲ್ಲಿ ಇರುತ್ತದೆ. ಹಾಗಾಗಿ ಚಿಕನ್‌ಪಾಕ್ಸ್ ಹಗುರಾಗಿ ಬಂದು ಹೋಗುತ್ತದೆ. ಆದರೆ ಆ ವೈರಸ್ಸನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳುವುದನ್ನು ಮೈ ಕಲಿಯುವುದಿಲ್ಲ. ಅಂಥ ಮಕ್ಕಳಿಗೆ ಸರ್ಪಸುತ್ತು ಬಾಲ್ಯದಲ್ಲೇ ಬರುವ ಸಾಧ್ಯತೆ ಬೇರೆ ಮಕ್ಕಳಿಗಿಂತ ಹೆಚ್ಚು. ತಾಯಿಗೆ ಬಸುರಿನಲ್ಲಿ ಚಿಕನ್‌ಪಾಕ್ಸ್ ಆಗಿದ್ದರೂ ಹೀಗೇ. ಕೂಸಿಗೆ ಹೊಟ್ಟೆಯಲ್ಲೇ ಅದು ತಾಗಿ, ಹೊರಗೆ ಒಂದೂ ಗುಳ್ಳೆ ಕಾಣದೆ, ಮುಂದೆ ನೇರವಾಗಿ ಸರ್ಪಸುತ್ತೇ ಆಗಬಹುದು. ಇಷ್ಟೆಲ್ಲದರಲ್ಲಿ ಹಾವು ಹೊಡೆದವರು ಎಲ್ಲೂ ಇಲ್ಲ, ನೋಡುತ್ತ ನಿಂತವಳೂ ಇಲ್ಲ. ಡಾಕ್ಟರು ಇದನ್ನು ಹೇಳುವಾಗ ನಾನು ಹೆಂಡತಿಯ ಮುಖವನ್ನೇ ನೋಡುತ್ತಿದ್ದೆ.

ಚಿಕನ್‌ಪಾಕ್ಸ್‌ಗೂ ಸರ್ಪಸುತ್ತಿಗೂ ಇರುವ ನಂಟನ್ನು ಮೊದಲು ಗುರುತಿಸಿದವರು ಬುಡಾಪೆಸ್ಟಿನ ಮಕ್ಕಳ ಡಾಕ್ಟರ್ ಯಾನೋಶ್ ಬೋಕಾಯ್, 19ನೇ ಶತಮಾನದ ಕೊನೆಗೆ. ಮನೆಯಲ್ಲಿ ದೊಡ್ಡವರಿಗೆ ಸರ್ಪಸುತ್ತು ಆದ ಮೇಲೆ ಮಕ್ಕಳಿಗೆ ಚಿಕನ್‌ಪಾಕ್ಸ್ ಆಗುತ್ತದಲ್ಲ, ಯಾಕೆ ಅಂತ ಕೇಳಿದವರು. 1950ರ ದಶಕದಲ್ಲಿ ಅಮೆರಿಕದ ಥಾಮಸ್ ವೆಲ್ಲರ್ ಎರಡೂ ಗುಳ್ಳೆಗಳ ವೈರಸ್ಸನ್ನು ಲ್ಯಾಬಿನಲ್ಲಿ ಬೆಳೆಸಿ ಎರಡೂ ಒಂದೇ ಅಂತ ತೋರಿಸಿದರು. ಆದರೆ ನನಗೆ ಬಹಳ ಇಷ್ಟವಾದವರು ಎಡ್ಗರ್ ಹೋಪ್-ಸಿಂಪ್ಸನ್. ಇಂಗ್ಲೆಂಡಿನ ಸೈರನ್‌ಸೆಸ್ಟರ್ ಅನ್ನುವ ಸಣ್ಣ ಊರಿನ ಸಾದಾ ಫ್ಯಾಮಿಲಿ ಡಾಕ್ಟರ್. ತನ್ನ ಹತ್ತಿರ ಬರುವ ಅದೇ ಜನರನ್ನು 16 ವರ್ಷ ಬಿಡದೆ ನೋಡಿದರು. ಯಾರಿಗೆ ಯಾವಾಗ ಚಿಕನ್‌ಪಾಕ್ಸ್, ಯಾರಿಗೆ ಯಾವಾಗ ಸರ್ಪಸುತ್ತು ಅಂತ ಬರೆದಿಟ್ಟರು. ವೈರಸ್ಸು ನರದಲ್ಲಿ ಅಡಗಿದ್ದು ಮತ್ತೆ ಏಳುತ್ತದೆ ಅನ್ನುವ ವಿಚಾರವನ್ನು ಆ ಲೆಕ್ಕದ ಬಲದ ಮೇಲೆ 1965ರಲ್ಲಿ ಮುಂದಿಟ್ಟರು. ಅವರ ಲೆಕ್ಕದಲ್ಲಿ ಹತ್ತು ವರ್ಷದೊಳಗಿನ ಮಕ್ಕಳಲ್ಲಿ ವರ್ಷಕ್ಕೆ ಸಾವಿರಕ್ಕೆ ಒಬ್ಬರಿಗೂ ಸರ್ಪಸುತ್ತು ಆಗಿರಲಿಲ್ಲ. 80 ದಾಟಿದವರಲ್ಲಿ ಸಾವಿರಕ್ಕೆ ಸುಮಾರು ಹತ್ತು. ಅಂದರೆ ಮಕ್ಕಳಲ್ಲಿ ಅಪರೂಪ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಒಂದೇ ಊರಿನ ಜನರನ್ನು ಅಷ್ಟು ವರ್ಷ ಪ್ರೀತಿಯಿಂದ ನೆನಪಿಟ್ಟುಕೊಂಡ ಒಬ್ಬ ಡಾಕ್ಟರಿಗೆ ಇದು ಹೊಳೆಯಿತು ಅನ್ನುವುದು ನನಗೆ ದೊಡ್ಡ ವಿಷಯ.

ಮನೆಗೆ ಬಂದ ಮೇಲೆ ಮಗಳನ್ನು ಸಮಾಧಾನ ಮಾಡುವುದೇ ದೊಡ್ಡ ಕೆಲಸವಾಯಿತು. ದೊಡ್ಡವರ ಮಾತು ಅವಳ ಕಿವಿಗೆ ಬಿದ್ದಿತ್ತು. ನಿದ್ದೆ ಮಾಡಲು ಒಲ್ಲೆ ಅಂದಳು.

"ಅಪ್ಪಾ, ರಾತ್ರಿ ಅದರ ತಲಿ ಬಾಲ ಕೂಡಿದ್ರ ನಾ ಸಾಯ್ತೀನೇನು?"

ಏಳು ವರ್ಷದ ಮಗು ಹೀಗೆ ಕೇಳಬಾರದು. ನಾನು ಅವಳ ಎದೆಯ ನಡುವೆ ಬೆರಳಿಟ್ಟು ಕೆಳಗೆ ಗೆರೆ ಎಳೆದೆ. ಬೆನ್ನಿನ ಮೇಲೂ ಎಳೆದೆ. ಬಲಗಡೆಯ ನರ ಬಲಗಡೆಯ ಚರ್ಮಕ್ಕಷ್ಟೇ ಹೋಗುತ್ತದೆ, ಎಡಗಡೆಯದ್ದು ಎಡಗಡೆಗೆ. ವೈರಸ್ಸು ಕೂತಿರುವುದು ಬಲಗಡೆಯ ಒಂದು ಗಂಟಿನಲ್ಲಿ. ಅದಕ್ಕೆ ಈ ಗೆರೆ ದಾಟಲು ದಾರಿಯೇ ಇಲ್ಲ ಅಂದೆ. ಅವಳು ಕನ್ನಡಿ ಮುಂದೆ ನಿಂತು ತಾನೇ ನೋಡಿಕೊಂಡಳು. ಗುಳ್ಳೆಗಳು ನಿಜವಾಗಿಯೂ ಆ ಗೆರೆಯ ಹತ್ತಿರ ನಿಂತಿದ್ದವು. ಆಮೇಲೆ ಮಲಗಿದಳು.

ಎರಡೂ ಕಡೆ ಗುಳ್ಳೆ ಬಂದರೆ, ಅಥವಾ ಮೈತುಂಬ ಹರಡಿದರೆ ಅದು ಬೇರೆ ಮಾತು. ಆಗಲೂ ಸಾವು ಬಂತು ಅಂತಲ್ಲ. ಮಗುವಿನ ರೋಗ ನಿರೋಧಕ ಶಕ್ತಿಗೆ ಏನೋ ತೊಂದರೆ ಇರಬಹುದು, ತಡ ಮಾಡದೆ ದೊಡ್ಡ ಆಸ್ಪತ್ರೆಗೆ ತೋರಿಸಬೇಕು ಅಂತ ಅರ್ಥ. ಮೊಬೈಲಿನಲ್ಲಿ ಹುಡುಕಿದರೆ ಮಕ್ಕಳ ಸರ್ಪಸುತ್ತಿನ ಜೊತೆಗೆ ರಕ್ತದ ಕ್ಯಾನ್ಸರ್, ಎಚ್‌ಐವಿ ಅಂತೆಲ್ಲ ಬರುತ್ತದೆ. ಓದಿ ನನ್ನ ಕೈಕಾಲು ತಣ್ಣಗಾದವು. ಆ ಕಾಯಿಲೆ ಇರುವ ಮಕ್ಕಳಿಗೆ, ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಳ್ಳುವ ಮಕ್ಕಳಿಗೆ ಸರ್ಪಸುತ್ತು ಜಾಸ್ತಿ ಬರುತ್ತದೆ ಅನ್ನುವುದು ನಿಜ. ಆದರೆ ಸರ್ಪಸುತ್ತು ಬರುವ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ. ಆಡಿಕೊಂಡು, ಉಂಡುಕೊಂಡು, ತೂಕ ಸರಿಯಾಗಿ ಏರುತ್ತಿರುವ ಮಗುವಿಗೆ ಒಮ್ಮೆ ಬಂದರೆ ಸಾಮಾನ್ಯವಾಗಿ ಆ ಪರೀಕ್ಷೆ ಈ ಪರೀಕ್ಷೆ ಅಂತ ಅಲೆಯಬೇಕಿಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದರು. ಮತ್ತೆ ಮತ್ತೆ ಬಂದರೆ, ಪದೇಪದೇ ಬೇರೆ ಸೋಂಕು ಆಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಆಗ ನೋಡಬೇಕು.

ಔಷಧಿ ಅಂಥ ದೊಡ್ಡದೇನಲ್ಲ. ಎಸೈಕ್ಲೋವಿರ್ ಬರೆದುಕೊಟ್ಟರು, ತೂಕಕ್ಕೆ ತಕ್ಕಂತೆ. ಜೊತೆಗೆ ನೀರು ಚೆನ್ನಾಗಿ ಕುಡಿಸಬೇಕು ಅಂದರು, ಯಾಕೆಂದರೆ ಆ ಔಷಧಿ ಮೂತ್ರಪಿಂಡದ ಮೂಲಕ ಹೊರಗೆ ಹೋಗುತ್ತದೆ. ಗುಳ್ಳೆ ಎದ್ದ ಮೂರು ದಿನದ ಒಳಗೆ ಶುರು ಮಾಡಿದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಎಲ್ಲ ಮಕ್ಕಳಿಗೂ ಬೇಕೇ ಬೇಕು ಅಂತಿಲ್ಲ, ಅದನ್ನು ಡಾಕ್ಟರು ನೋಡಿ ಹೇಳಬೇಕು. ನೋವಿಗೆ ಪ್ಯಾರಾಸಿಟಮಾಲ್. ಆಸ್ಪಿರಿನ್ ಮಾತ್ರ ಕೊಡಲೇಬಾರದು. ಈ ವೈರಸ್ಸು ಮೈಯಲ್ಲಿ ಎದ್ದಿರುವಾಗ ಮಕ್ಕಳಿಗೆ ಆಸ್ಪಿರಿನ್ ಕೊಟ್ಟರೆ ಲಿವರ್ ಮತ್ತು ಮೆದುಳಿಗೆ ಕುತ್ತು ತರುವ ರೈ ಸಿಂಡ್ರೋಮ್ ಅನ್ನುವ ಕಾಯಿಲೆ ಬರಬಹುದು. ಮನೆಯಲ್ಲಿ ಹಿರಿಯರಿಗೆ ಅಂತ ತಂದಿಟ್ಟ ತಲೆನೋವಿನ ಗುಳಿಗೆಯನ್ನು ಅರ್ಧ ಮುರಿದು ಮಕ್ಕಳಿಗೆ ಕೊಡುವ ರೂಢಿ ನಮ್ಮಲ್ಲಿ ಇದೆ. ದಯವಿಟ್ಟು ಅದನ್ನು ಬಿಡಿ.

ಇನ್ನು ಮಂತ್ರ ಹಾಕಿಸುವುದು, ಜಾಜಿನಲ್ಲಿ ಗೆರೆ ಬರೆಸುವುದು. ಅವ್ವನಿಗೆ ಅದರ ಆಸೆ ಇತ್ತು. ನಾನು ಜಗಳ ಮಾಡಲಿಲ್ಲ. ದೇವರ ಮುಂದೆ ದೀಪ ಹಚ್ಚು, ಅಂಗಾರ ಬೇಕಾದರೆ ಹಣೆಗೆ ಹಚ್ಚು, ಗುಳ್ಳೆ ಮೇಲೆ ಮಾತ್ರ ಏನೂ ಬೇಡ ಅಂದೆ. ಒಡೆದ ಗುಳ್ಳೆ ಅಂದರೆ ತೆರೆದ ಗಾಯ. ಅದರ ಮೇಲೆ ಮಣ್ಣು, ಬೂದಿ, ಸೊಪ್ಪಿನ ರಸ ಹಚ್ಚಿದರೆ ಕೀವಾಗುತ್ತದೆ, ಕಲೆ ಉಳಿಯುತ್ತದೆ. ಅವ್ವ ಒಪ್ಪಿದಳು. ಅವಳೇ ಮೊಮ್ಮಗಳ ಉಗುರು ಕತ್ತರಿಸಿದಳು. ತನ್ನ ಹಳೇ ಸೀರೆ ಹರಿದು ಸಡಿಲವಾದ ಅಂಗಿ ಹೊಲಿದಳು.

ಎಲ್ಲಿ ಬಂದಿದೆ ಅನ್ನುವುದು ಬಹಳ ಮುಖ್ಯ. ಬೆನ್ನು, ಪಕ್ಕೆ ಅಂದರೆ ಮಕ್ಕಳಲ್ಲಿ ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ವಾಸಿ. ಅಜ್ಜನಿಗೆ ಉಳಿದಂಥ ನೋವು ಮಕ್ಕಳಿಗೆ ಉಳಿಯುವುದು ಬಹಳ ಅಪರೂಪ. ಆದರೆ ಹಣೆ ಮೇಲೆ, ರೆಪ್ಪೆ ಮೇಲೆ, ಅದರಲ್ಲೂ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋಗಬೇಕು. ಮೂಗಿನ ತುದಿಗೆ ಬರುವ ನರದ ಕವಲೇ ಕಣ್ಣಿಗೂ ಹೋಗುತ್ತದೆ. ದೃಷ್ಟಿಗೆ ಅಪಾಯ. ಕಿವಿಯಲ್ಲಿ ಗುಳ್ಳೆ ಎದ್ದು ಬಾಯಿ ಒಂದು ಕಡೆ ವಾಲಿದರೂ ಅಷ್ಟೇ, ಕಾಯಬಾರದು.

ಆ ವಾರವೇ ಪಂಚಮಿಗೆ ಅಂತ ನನ್ನ ತಂಗಿ ತವರಿಗೆ ಬರುವವಳಿದ್ದಳು. ಬಸುರಿ. ಬರಲೋ ಬೇಡವೋ ಅಂತ ಫೋನ್ ಮಾಡಿದಳು. ಸರ್ಪಸುತ್ತು ಒಬ್ಬರಿಂದ ಇನ್ನೊಬ್ಬರಿಗೆ ಸರ್ಪಸುತ್ತಾಗಿ ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಾಗಿದರೆ, ಚಿಕನ್‌ಪಾಕ್ಸ್ ಆಗದವರಿಗೆ ಚಿಕನ್‌ಪಾಕ್ಸ್ ಆಗಬಹುದು. ಬಸುರಿಗೆ, ಎಳೆ ಕೂಸಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಿಗೆ ಅದು ಹಗುರದ ಮಾತಲ್ಲ. ತಂಗಿಗೆ ಚಿಕನ್‌ಪಾಕ್ಸ್ ಆಗಿತ್ತೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಮತ್ತೆ ಅವ್ವನನ್ನೇ ಕೇಳಿದೆವು.

"ನಿಮಗ ಇಬ್ರಿಗೂ ಕೂಡೇ ಆಗಿತ್ತು. ಹಳೇ ಊರಾಗ, ಮುಳುಗಡಿ ಆದ ಮನ್ಯಾಗ. ನೀ ಪಡಸಾಲ್ಯಾಗ, ಅಕಿ ತೊಟ್ಲದಾಗ."

ಆ ಮನೆ ಇದ್ದ ಜಾಗ ಈಗ ಆಲಮಟ್ಟಿಯ ಹಿನ್ನೀರಿನಲ್ಲಿದೆ. ಕಾಗದ ಪತ್ರ ಎಷ್ಟೋ ಸಾಗಿಸುವಾಗ ಕಳೆದುಹೋದವು. ಅವ್ವನ ಮಾತನ್ನು ತಂಗಿ ತನ್ನ ಡಾಕ್ಟರಿಗೆ ಹೇಳಿದಳು. ಅವರು ಒಂದು ರಕ್ತ ಪರೀಕ್ಷೆ ಮಾಡಿಸಿ, ರಕ್ಷಣೆ ಇದೆ, ಹೋಗಿ ಬನ್ನಿ ಅಂದರು. ಬಂದಳು. ಅಳ್ಳಿಟ್ಟು, ಉಂಡಿ ಎಲ್ಲ ಆಯಿತು. ಮಗಳು ಜೋಕಾಲಿ ಆಡಲಿಲ್ಲ ಅಷ್ಟೇ. ಗುಳ್ಳೆಗಳ ಮೇಲೆ ಬಟ್ಟೆ ಮುಚ್ಚಿ ಅತ್ತಿಯ ಪಕ್ಕದಲ್ಲಿ ಕೂತು ಉಂಡಿ ತಿಂದಳು. ಎಲ್ಲ ಗುಳ್ಳೆ ಒಣಗಿ ಹೊಪ್ಪಳೆ ಕಟ್ಟುವವರೆಗೆ ಶಾಲೆಗೂ ಕಳಿಸಲಿಲ್ಲ.

ಮನೆಯಲ್ಲಿ ಇನ್ನೊಬ್ಬನಿದ್ದಾನೆ. ಮಗ, ವರ್ಷ ದಾಟಿದವನು. ಅವನಿಗೆ ಚಿಕನ್‌ಪಾಕ್ಸ್ ಆಗಿರಲಿಲ್ಲ, ಚುಚ್ಚುಮದ್ದೂ ಆಗಿರಲಿಲ್ಲ. ಚಿಕನ್‌ಪಾಕ್ಸ್ ಲಸಿಕೆ ಸರ್ಕಾರದ ಉಚಿತ ಪಟ್ಟಿಯಲ್ಲಿ ಇಲ್ಲ. ಅಂಗನವಾಡಿಯಲ್ಲಿ ಕೊಡುವುದಿಲ್ಲ, ಖಾಸಗಿ ದವಾಖಾನೆಯಲ್ಲಿ ದುಡ್ಡು ಕೊಟ್ಟು ಹಾಕಿಸಬೇಕು. ಹಾಗಾಗಿ ನಮ್ಮಲ್ಲಿ ಬಹಳ ತಾಯಂದಿರಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ. ಇದನ್ನು ಕಂಡುಹಿಡಿದವರು ಜಪಾನಿನ ಮಿಚಿಯಾಕಿ ತಕಾಹಾಶಿ. ತಮ್ಮ ಮಗ ಚಿಕನ್‌ಪಾಕ್ಸ್‌ನಿಂದ ನರಳಿದ್ದನ್ನು ನೋಡಿ ಈ ಕೆಲಸಕ್ಕೆ ಇಳಿದವರು. 1974ರಲ್ಲಿ ಲಸಿಕೆ ಸಿದ್ಧವಾಯಿತು. ಈ ಲಸಿಕೆ ಚಿಕನ್‌ಪಾಕ್ಸ್ ಜೊತೆಗೆ ಮಕ್ಕಳ ಸರ್ಪಸುತ್ತನ್ನೂ ಕಡಿಮೆ ಮಾಡುತ್ತದೆ. ಅಮೆರಿಕದಲ್ಲಿ 60 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ಸರ್ಪಸುತ್ತು ಶೇಕಡಾ 78ರಷ್ಟು ಕಡಿಮೆ ಇತ್ತು. ಪೂರ್ತಿ ಬರುವುದೇ ಇಲ್ಲ ಅಂತಲ್ಲ. ಲಸಿಕೆಯಲ್ಲಿ ಇರುವುದೂ ಮೆತ್ತಗೆ ಮಾಡಿದ ಜೀವಂತ ವೈರಸ್ಸೇ. ಅದೂ ಅಪರೂಪಕ್ಕೆ ಎದ್ದೀತು, ಆದರೆ ಸಾಮಾನ್ಯವಾಗಿ ಹಗುರ.

ಹಣದ ಮಾತು ಬಂದಾಗ ನನಗೆ ಸಿಟ್ಟು ಬರುತ್ತದೆ. ಗುಳೇದಗುಡ್ಡದಲ್ಲಿ ಖಣ ನೇಯುವ ಮನೆಗಳಿಗೆ, ಕಬ್ಬು ಕಡಿಯಲು ಮುಧೋಳದ ಕಡೆ ಬರುವವರ ಮಕ್ಕಳಿಗೆ ಈ ದುಡ್ಡು ಎಲ್ಲಿಂದ ಬರಬೇಕು? ಗುಡಿಸಲಲ್ಲಿ ಒತ್ತಾಗಿ ಮಲಗುವ ಮಕ್ಕಳಿಗೇ ಎಳೆ ವಯಸ್ಸಿನಲ್ಲಿ ಚಿಕನ್‌ಪಾಕ್ಸ್ ಬೇಗ ಅಂಟುವುದು. ಉಚಿತ ಪಟ್ಟಿಗೆ ಇದು ಸೇರಬೇಕು.

ಮನೆಯಲ್ಲಿ ವೈರಸ್ಸು ಎದ್ದ ಮೂರರಿಂದ ಐದು ದಿನದೊಳಗೆ ಲಸಿಕೆ ಕೊಟ್ಟರೆ, ತಾಗಿದ್ದರೂ ತಡೆಯುವ ಸಾಧ್ಯತೆ ಇದೆ ಅಂತ ಡಾಕ್ಟರು ಮಗನಿಗೆ ಕೂಡಲೇ ಹಾಕಿದರು. ಅವ್ವ ಮೊದಲು ಮುಖ ಸಣ್ಣ ಮಾಡಿದಳು. ದೇವಿ ಬರುವುದನ್ನು ಸೂಜಿ ಚುಚ್ಚಿ ತಡೆಯಬಹುದೇ ಅನ್ನುವುದು ಅವಳ ಅಳುಕು. ಆಮೇಲೆ ತಾನೇ ಅವನನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅವನಿಗೆ ಏನೂ ಆಗಲಿಲ್ಲ. ಮೂರು ತಿಂಗಳು ಬಿಟ್ಟು ಎರಡನೇ ಡೋಸ್, ಅದನ್ನು ಅವನ ತಾಯಿ ಕಾರ್ಡಿನಲ್ಲಿ ಬರೆಸಿದ್ದೇವೆ. ಮಗಳ ಕಾರ್ಡಿನ ಹಿಂದೆ ಖಾಲಿ ಜಾಗ ಇತ್ತು. ಅಲ್ಲಿ ಅವ್ವ ಹೇಳಿದ್ದನ್ನು ಹೆಂಡತಿ ತನ್ನ ಕೈಯಾರೆ ಬರೆದಳು: ಐದಾರು ತಿಂಗಳಿದ್ದಾಗ ಜಮಖಂಡಿಯಲ್ಲಿ ಚಿಕನ್‌ಪಾಕ್ಸ್, ಏಳನೇ ವರ್ಷಕ್ಕೆ ಬಲ ಪಕ್ಕೆಗೆ ಸರ್ಪಸುತ್ತು.